ರಿಬ್ಬನ್ನಿನಲ್ಲಿ ಹರಕೆಯ ಗಂಟು

“ಕೈ ತೆಗಿ! ಆ ಗಂಟಿಗೆ ಕೈ ಹಚ್ಚಿದ್ಯೋ, ನನ್ನ ಹೆಣಾ ನೋಡ್ತಿ!”

ಅತ್ತೆ ಪಾರವ್ವನ ಕೂಗಿಗೆ ಸುವರ್ಣಾಳ ಬೆರಳುಗಳು ಅಲ್ಲೇ ಮರಗಟ್ಟಿದವು. ಅವಳ ಮಡಿಲಲ್ಲಿ ಮಗಳ ಕೆಂಪು ಸ್ಯಾಟಿನ್ ರಿಬ್ಬನ್ನು ಹರಡಿತ್ತು. ಐದು ಮೀಟರ್ ಉದ್ದ, ತುದಿಗೊಂದು ಸಣ್ಣ ಕೋಲು. ಅದರ ನಟ್ಟನಡುವೆ ಅರಿಶಿನದ ಕೊಂಬು, ವಿಭೂತಿ ಸೇರಿಸಿ ಬಿಗಿದ ಗಂಟು! ಮೊಮ್ಮಗಳಿಗೆ ಏನೂ ಆಗದಿರಲೆಂದು ಊರಿನ ವೀರಭದ್ರನಿಗೆ ಹರಕೆ ಹೊತ್ತು ಮುದುಕಿ ಕಟ್ಟಿದ್ದು. ಹರಕೆ ತೀರುವ ತನಕ ಬಿಚ್ಚುವಂತಿಲ್ಲ.

ಇನ್ನೆರಡು ತಾಸಿನಲ್ಲಿ ವಿಜಯನಗರದ ಕ್ರೀಡಾ ಹಾಲ್‌ನಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ.

“ಅತ್ತಿ, ಗಂಟಿದ್ರ ಆಡಾಕ ಬರಂಗಿಲ್ರೀ...”

“ಆಡೂದ ಬ್ಯಾಡ! ಬೆನ್ನ ಹಿಂದಕ್ಕ ಬಗ್ಗಿಸಿ ತಲಿ ಹಿಮ್ಮಡಕ್ಕ ಹಚ್ಚತೈತಿ ಆ ಕೂಸು. ಬೆನ್ನ ಮುರದ್ರ ಏನಾಗ್ತೈತಿ ಅಂತ ನಾ ಎಂಟ ತಿಂಗಳ ನೋಡೀನಿ. ಅವತ್ತೂ ನೀನ ಬಿಚ್ಚಿದಾಕಿ. ನನ್ನ ಮಗನ್ನ ತಿಂದಾಕಿ!”

ನಾಲ್ಕು ವರ್ಷದ ಹಿಂದೆ ಸುವರ್ಣಾಳ ಗಂಡ ಶಿವಯೋಗಿಯ ಟವೆಲಿನ ಅಂಚಿನಲ್ಲೂ ಇಂಥದೇ ಗಂಟಿತ್ತು. ಒಗೆಯುವಾಗ ಬಿಚ್ಚಿದ್ದಳು. ಅದೇ ಮಧ್ಯಾಹ್ನ ಅವನು ಗಾರೆ ಕೆಲಸ ಮಾಡುತ್ತ ಮೂರನೇ ಮಹಡಿಯ ಸಾರವೆಯಿಂದ ಬಿದ್ದ. ಎಂಟು ತಿಂಗಳು ಹಾಸಿಗೆ, ಆಮೇಲೆ ಸಾವು. ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಹಗ್ಗ ಕೊಡದ ಮೇಸ್ತ್ರಿಯನ್ನು ಒಬ್ಬರೂ ಕೇಳಲಿಲ್ಲ. ಗಂಟು ಬಿಚ್ಚಿದವಳನ್ನು ಊರೆಲ್ಲ ಕೇಳಿತು! ಕೇಳಿ ಕೇಳಿ ಅವಳೂ ನಂಬಿಬಿಟ್ಟಿದ್ದಳು... ಅದೇ ಘೋರ.

“ಅವ್ವಾ, ಬಸ್ ಹೋಗ್ಬಿಡುತ್ತೆ!” ಹನ್ನೆರಡು ವರ್ಷದ ನೀಲಾಂಬಿಕಾ ಬಾಗಿಲಲ್ಲಿ ನಿಂತು ಕೂಗಿದಳು. ಸುವರ್ಣಾ ಗಂಟಿನ ಸಮೇತ ರಿಬ್ಬನ್ನನ್ನು ಚೀಲಕ್ಕೆ ತುರುಕಿ ಹೊರಟಳು. ಹಿಂದಿನಿಂದ ಮುದುಕಿಯ ಶಾಪ ಬೀದಿಯ ತಿರುವಿನವರೆಗೂ ಬಂತು.

ಈ ಆಟ ಅವರ ಮನೆಗೆ ಬಂದದ್ದು ಪೊರಕೆಯ ಹಿಂದೆ. ಸುವರ್ಣಾ ಕಸ ಗುಡಿಸುತ್ತಿದ್ದ ಹಾಲ್‌ನಲ್ಲಿ ಶೋಭಾರಾಣಿ ಮಿಸ್ಸು ಹುಡುಗಿಯರಿಗೆ ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದರು. ಮೂಲೆಯಲ್ಲಿ ಕೂತಿರುತ್ತಿದ್ದ ನೀಲಾಂಬಿಕಾ ಒಂದು ದಿನ ತಾನೇ ಎದ್ದು ಬೆನ್ನು ಬಿಲ್ಲಾಗಿಸಿ ತೋರಿಸಿದಳು.

“ಇದು ಸರ್ಕಸ್ ಅಲ್ಲ ಸುವರ್ಣಾ,” ಎಂದಿದ್ದರು ಮಿಸ್ಸು. “ಹಗ್ಗ, ದೊಡ್ಡ ಬಳೆ, ಚೆಂಡು, ಗದೆ ಥರದ ಎರಡು ಕೋಲು, ರಿಬ್ಬನ್. ಒಂದ್ಸಲಕ್ಕೆ ಒಂದು. ಒಂದೂವರೆ ನಿಮಿಷ ಹಾಡು. ಅಷ್ಟೂ ಹೊತ್ತು ಮೈಯೂ ನಿಲ್ಲಬಾರದು, ಕೈಲಿರೋದೂ ನಿಲ್ಲಬಾರದು. ಮೇಲಕ್ಕೆಸೆದು, ಉರುಳಿ, ನೋಡದೇನೆ ಹಿಡೀಬೇಕು. ರಿಬ್ಬನ್ ಗಂಟಾಯ್ತೋ, ಮಾರ್ಕು ಹೋಯ್ತು.”

ಇವತ್ತು ಸ್ಪರ್ಧೆಯ ಹಾಲ್‌ನಲ್ಲಿ ನೀಲಾಂಬಿಕಾ ಬಟ್ಟೆ ಬದಲಿಸಲು ಹೋದಾಗ ಚೀಲ ತೆರೆದ ಮಿಸ್ಸು ಹೌಹಾರಿದರು.

“ಏನ್ರೀ ಇದು! ಒಳಗೆ ಕಲ್ಲೇನಾದ್ರೂ ಇಟ್ಟಿದೀರಾ? ಬೀಸಿದ್ರೆ ಮಗು ಕಣ್ಣಿಗೇ ಬಡಿಯುತ್ತೆ! ಬಿಚ್ಚಿ ಬೇಗ!”

ಬಿಚ್ಚಿದರೆ ಬೆನ್ನು... ಬಿಚ್ಚದಿದ್ದರೆ ಕಣ್ಣು! ಶಿವಯೋಗಿಯ ತೆರೆದ ಕಣ್ಣು, ಅಲುಗಾಡದ ಕಾಲು, ಔಷಧಿಯ ವಾಸನೆ... ಎಲ್ಲ ಒಮ್ಮೆಗೇ ಮೇಲೆ ಬಿದ್ದವು. ಮೈಕಿನಲ್ಲಿ ಮಗಳ ಹೆಸರು ಬಂತು. ಸುವರ್ಣಾ ಗೋಡೆಗೆ ತಿರುಗಿ ನಿಂತು, ಉಗುರು ಹಾಕಿ, ಗಂಟು ಬಿಚ್ಚಿದಳು. ಅರಿಶಿನ, ವಿಭೂತಿಯನ್ನು ತನ್ನ ಸೆರಗಿನ ತುದಿಗೆ ಸುತ್ತಿ ಬಿಗಿದಳು. ‘ದೇವರೇ, ಬರೂದಿದ್ರ ನನ್ನ ಮ್ಯಾಲ ಬರ್ಲಿ...’

ಹಾಡು ಶುರುವಾಯಿತು. ರಿಬ್ಬನ್ನು ಸುರುಳಿಯಾಗಿ, ಹಾವಾಗಿ, ಬೆಂಕಿಯಾಗಿ ಮಗಳ ಸುತ್ತ ಹರಿಯಿತು. ಕೋಲು ಮೇಲಕ್ಕೆ ಹಾರಿತು! ಮಗಳು ನೆಲದಲ್ಲಿ ಉರುಳಿದಳು. ಸುವರ್ಣಾ ಕಣ್ಣು ಮುಚ್ಚಿದಳು. ಮೊಣಕಾಲು ನೆಲಕ್ಕೆ ಬಡಿದ ಸದ್ದು... ಅಯ್ಯೋ! ಕಣ್ಣು ಬಿಟ್ಟಾಗ ನೀಲಾಂಬಿಕಾ ಎದ್ದಿದ್ದಳು. ಕೋಲು ಅವಳ ಕೈಯಲ್ಲೇ ಇತ್ತು.

“ಗಂಟು ಎಲ್ಲೈತಿ?”

ಬೆನ್ನ ಹಿಂದೆ ಪಾರವ್ವ! ಒಬ್ಬಳೇ ಎಂದೂ ಬಸ್ಸು ಹತ್ತದ ಮುದುಕಿ ಏದುಸಿರು ಬಿಡುತ್ತ ನಿಂತಿದ್ದಳು.

“ಬಿಚ್ಚೀನ್ರೀ ಅತ್ತಿ... ನನ್ನ ಸೆರಗಿನ್ಯಾಗ ಐತಿ. ಏನಾಗೂದಿದ್ರೂ ನನಗ ಆಗ್ಲಿ ಅಂತ...”

ಹೊಡೆತ ಬೀಳುತ್ತದೆಂದು ಸುವರ್ಣಾ ಮುಖ ತಗ್ಗಿಸಿದಳು. ಹೊಡೆತ ಬೀಳಲಿಲ್ಲ.

“ಹುಚ್ಚಿ! ನಿನಗೇನರ ಆದ್ರ ಆ ಕೂಸಿಗೆ ಯಾರದಾರ? ನನಗ ಎಪ್ಪತ್ತಾಗ್ಯಾವ. ತಾ ಇಲ್ಲಿ.”

ಮುದುಕಿ ಸೊಸೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಿದಳು. ಅರಿಶಿನದ ಕೊಂಬನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಸೊಸೆಯ ಪಕ್ಕ ಕೂತಳು.

ಮೈಕು ಮತ್ತೆ ಕರೆಯಿತು.

“ಈ ಸಲ ಏನ ಹಿಡಕೊಂಡಾಳ?”

“ಚೆಂಡ್ರೀ.”

“ಅದಕ್ಕ ಗಂಟ ಹಾಕಾಕ ಬರಂಗಿಲ್ಲ ಬಿಡು...”

ಮಗಳು ಹಿಂದಕ್ಕೆ ಬಾಗತೊಡಗಿದಳು. ಪಾರವ್ವನ ಉಗುರುಗಳು ಸುವರ್ಣಾಳ ಮುಂಗೈಯೊಳಗೆ ಇಳಿದವು. ಉರಿಯಿತು, ರಕ್ತ ಜಿನುಗಿತು. ಸುವರ್ಣಾ ಕೈ ಎಳೆದುಕೊಳ್ಳಲಿಲ್ಲ.