ನಲವತ್ತು ಮನೆಯ ಹುರಿ

“ಆ ಹುರಿಗೆ ಬೆರಳು ತೂರುಸ್ಬ್ಯಾಡ ಕಣ್ಲಾ ಚೆನ್ನ. ಅದು ಹತ್ತಿ ಹುರಿ ಅಲ್ಲ.”

ಒಳಮನೆಯ ಬಾಗಿಲಿಗೆ ಅಡ್ಡ ನಿಂತು ಮಾದೇವಮ್ಮ ಪಿಸುಗುಟ್ಟಿದಳು. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಎದುರು ನಿಂತವರ ಮುಖ ಮಸುಕಾಗಿ ಕಾಣುವಷ್ಟು ಕತ್ತಲು. ಗೂಟಕ್ಕೆ ತೂಗುಬಿಟ್ಟಿದ್ದ ಕಂಸಾಳೆಯ ಕಂಚು ಮಾತ್ರ ಮಿಣುಕುತ್ತಿತ್ತು. ಅದಕ್ಕೆ ಕಟ್ಟಿದ್ದ ಹೊಸ ಹುರಿ ಕರ್ರಗೆ ಇಳಿಬಿದ್ದಿತ್ತು. ಸಾಂಬ್ರಾಣಿ ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಕೂತಿತ್ತು: ಹರಳೆಣ್ಣೆ, ಸೀಗೆಪುಡಿ, ಹಳೇ ಬೆವರು.

ಚೆನ್ನಯ್ಯ ನಕ್ಕುಬಿಟ್ಟ.

“ಏನತ್ತೆ, ಮಾಟ್ವಾ? ನಮ್ ಯಳಂದೂರಲ್ಲಿ ಹಾಲು ಒಡೆದ್ರೂ ಕೊಳ್ಳೇಗಾಲದೋರು ಮಾಟ ಮಾಡುಸವ್ರೆ ಅಂತಾರೆ. ಇಲ್ಲಿಗ್ ಬಂದು ಎಲ್ಡು ವರ್ಸ ಆಯ್ತು, ಒಂದ್ ನಿಂಬೆಹಣ್ಣೂ ನನ್ ಕಾಲಿಗೆ ಸಿಕ್ನಿಲ್ವಲ್ಲ!”

ಎರಡು ವರ್ಷದ ಹಿಂದೆ ಸೋದರಮಾವ ಚಿಕ್ಕಸಿದ್ದಯ್ಯ ಅವನನ್ನು ಮೈಸೂರು ಸೀಮೆಯ ಯಳಂದೂರಿನಿಂದ ಮದರಾಸು ಸೀಮೆಯ ಲೊಕ್ಕನಹಳ್ಳಿಗೆ ಕರೆತಂದಿದ್ದ. ಮಾವ ಬೀಸು ಕಂಸಾಳೆಯ ಗುರು. ಎಡಗೈಯಲ್ಲಿ ಕಂಚಿನ ಬಟ್ಟಲು ಹಿಡಿದು, ಬಲಗೈಯಲ್ಲಿ ಹುರಿ ಕಟ್ಟಿದ ಕಂಚಿನ ತಟ್ಟೆಯನ್ನು ಬೀಸಿ ಬೀಸಿ ತಾಳ ಹೊಡೆಯುತ್ತ, ಬಗ್ಗಿ, ಮಲಗಿ, ಗಿರಗಿರನೆ ತಿರುಗಿ ಬೆಟ್ಟದ ದೇವರು ಮಾದಪ್ಪನನ್ನು ಹಾಡುವ ಕುಣಿತ ಅದು. ಹತ್ತೊಂಬತ್ತರ ಚೆನ್ನಯ್ಯನ ಹಾಗೆ ತಿರುಗುವವನು ಬೆಟ್ಟದ ಸುತ್ತಿನಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ಅವನಿಗಿಂತ ಮೊದಲು ಊರು ಕಂಡುಕೊಂಡಿತು. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು.

ಸೌದೆ ಒಡೆಯಬೇಡ, ಕೈ ಹೋದೀತು. ಮರ ಹತ್ತಬೇಡ. ನೇಗಿಲು ಮುಟ್ಟಬೇಡ. ಕೊಡ ಹೊತ್ತ ಹೆಂಗಸರು ದಾರಿಯಲ್ಲಿ ಅವನ ಬಲಗೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಉಂಡೆಯಾ ಎಂದು ಕೇಳಿದವರಿಲ್ಲ, ಕೈ ಹೇಗಿದೆ ಎಂದು ಕೇಳದವರಿಲ್ಲ. ಕೊಳ್ಳೇಗಾಲದ ಮೈದಾನದಲ್ಲಿ ಮೇಳಗಳ ಪಂದ್ಯ ನಡೆಯುತ್ತದೆ, ಕೊಯಮತ್ತೂರಿನಿಂದ ಸಾಹೇಬರು ಬರುತ್ತಾರೆ, ಗೆದ್ದ ಮೇಳವನ್ನು ದಿಲ್ಲಿಯ ಉತ್ಸವಕ್ಕೆ ಕಳಿಸುತ್ತಾರೆ ಎಂಬ ಸುದ್ದಿ ಬಂದ ದಿನವೇ ಬೀದಿಯವರು ದಿಲ್ಲಿಯಿಂದ ತಮಗೇನು ತರಬೇಕೆಂದು ಅವನಿಗೆ ಹೇಳಿ ಮುಗಿಸಿದ್ದರು. ಸೋತರೆ ಏನು ಎಂಬ ಮಾತನ್ನು ಯಾರೂ ಆಡಲಿಲ್ಲ.

ನಾಲ್ಕು ದಿನದ ಕೆಳಗೆ ತಾಲೀಮಿನಲ್ಲಿ ಒಂದು ಸಲ, ಒಂದೇ ಒಂದು ಸಲ, ತಟ್ಟೆ ಕೈಜಾರಿ ಅಂಗಳಕ್ಕೆ ಬಿತ್ತು. ಬೀದಿಗೆ ಬೀದಿಯೇ ಸಾವಿನ ಮನೆಯಾಯಿತು. ಮಾವ ಮಾರನೇ ದಿನವೇ ಕೊಳ್ಳೇಗಾಲದ ಬಸ್ಸು ಹತ್ತಿದ. ಬರುವಾಗ ಈ ಹುರಿ ತಂದಿದ್ದ.

“ಆ ಮಾಟಗಾರ ಯಾವುದ್ರಲ್ಲಿ ಹೊಸೆದವ್ನೆ ಗೊತ್ತಾ?” ಅತ್ತೆ ಇನ್ನಷ್ಟು ಹತ್ತಿರ ಬಂದಳು. “ಕೂದ್ಲಲ್ಲಿ. ಈ ಬೀದಿ ನಲವತ್ ಮನೆ ಕೂದ್ಲು.”

ಚೆನ್ನಯ್ಯನ ನಗು ನಿಂತಿತು. ತಲೆ ಬಾಚಿ ಉದುರಿದ ಕೂದಲನ್ನು ಈ ಊರಿನ ಹೆಂಗಸರು ಯಾರ ಕೈಗೂ ಕೊಡುವವರಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ತುರುಕುತ್ತಾರೆ. ಪರರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆಂಬ ಹೆದರಿಕೆ. ಅಂಥವರು ಅವನು ಗೆಲ್ಲಲೆಂದು ತಾವೇ ಸಂದಿಯಿಂದ ಕೆದಕಿ ಕೊಟ್ಟಿದ್ದರು.

“ಕೊಡೋವಾಗ ಒಬ್ಬೊಬ್ರೂ ಒಂದೊಂದ್ ಗಂಟು ಆಕವ್ರೆ. ಕೈ ಜಾರ್ದೇ ಇರ್ಲಿ ಅಂತ ಒಬ್ಳು, ನಿಲ್ದೇ ಇರ್ಲಿ ಅಂತ ಒಬ್ಳು. ನಿಮ್ ಮಾವ ತನ್ ಜುಟ್ಟಿನ ಕೂದ್ಲನೂ ಸೇರ್ಸವ್ನೆ. ನಾನ್ ಕೊಡ್ನಿಲ್ಲ. ಅದ್ಕೇ ನನ್ ಕೆನ್ನೆ ಊದಿರದು ನೋಡು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಮಾದಪ್ಪಂಗೆ ಹರಕೆ ಕಟ್ಕೊಂಡ್ರೂ ಇಂಥ ದಿನ ತೀರುಸ್ತೀನಿ ಅಂತ ಗಡುವು ಯೋಳೇ ಕಟ್ಕೊಳದು ಕಣಪ್ಪ. ಇವ್ರು ಆಸೆಗ್ ಬಿದ್ದು ಗಡುವೇ ಇಡ್ನಿಲ್ಲ. ಅಷ್ಟೂ ಜನ ಬಾಯ್ಬಿಟ್ಟು ಸಾಕು ಅನ್ನೋಗಂಟ ಅದು ನಿನ್ನ ಬುಡಾಕಿಲ್ಲ.”

ಅವನಿಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು. ಅಂಗಾಲಿನಿಂದ ನೆತ್ತಿಯವರೆಗೆ ಉರಿಯುವ ಸಿಟ್ಟು. ಎರಡು ವರ್ಷ ಹಗಲೆಲ್ಲ ತಿರುಗಿ, ಅಂಗೈ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದು ಕಲಿತ ಕೈ ಇದು. ಅದು ಒಂದು ಸಲ ಜಾರಿದ್ದಕ್ಕೆ ಇವರ ನಂಬಿಕೆ ಹೋಯಿತು. ನಂಬಿಕೆ ಹೋಗಿದ್ದರೂ ಆಸೆ ಹೋಗಲಿಲ್ಲ!

“ಬರೀ ಕೂದ್ಲು ಕಣತ್ತೆ,” ಎಂದು ಗೂಟದಿಂದ ಕಂಸಾಳೆ ಕಿತ್ತುಕೊಂಡ. “ಇದೇ ಹುರೀಲಿ ಕುಣಿದು ಗೆಲ್ತೀನಿ. ಆಮೇಲೆ ಅವರೆಲ್ಲರ ಮುಂದೆ ಬೆಂಕಿಗ್ ಆಕ್ತೀನಿ. ಗೆದ್ದದ್ದು ಕೈಯೋ ಕೂದ್ಲೋ ಅವತ್ತು ಗೊತ್ತಾಯ್ತದೆ.”

ಹುರಿಯ ಕುಣಿಕೆಯೊಳಗೆ ಬೆರಳು ತೂರಿಸಿದ. ಅದು ಬೆಚ್ಚಗಿತ್ತು.

ಪಂದ್ಯದ ಮಧ್ಯಾಹ್ನ ಕೊಳ್ಳೇಗಾಲದ ಮೈದಾನ ಜನರಿಂದ ಕಿಕ್ಕಿರಿದಿತ್ತು. ಲೊಕ್ಕನಹಳ್ಳಿಯವರು ಎರಡು ಲಾರಿಯಲ್ಲಿ ಬಂದಿಳಿದು, ಮುಂದಿನ ಸಾಲನ್ನೆಲ್ಲ ಹಿಡಿದು ಕೂತಿದ್ದರು. ಮೊದಲು ಧನಗೆರೆಯ ಮೇಳ ಕುಣಿಯಿತು. ಅದರ ಮುಂದಾಳು ಪುಟ್ಟಮಾದಪ್ಪ ಚೆನ್ನಾಗಿಯೇ ಕುಣಿದ. ಕುಣಿತ ಮುಗಿಸಿ ಬರುತ್ತ, ಏದುಸಿರಿನಲ್ಲೇ ಚೆನ್ನಯ್ಯನ ಭುಜ ತಟ್ಟಿ, “ಓಗು, ನಿಂದೂ ತೋರ್ಸು,” ಎಂದು ನಕ್ಕ. ಆ ಬಯಲಿನಲ್ಲಿ ಅವನನ್ನು ತನ್ನಂಥ ಒಬ್ಬ ಹುಡುಗನೆಂದು ಕಂಡವನು ಎದುರಾಳಿಯೊಬ್ಬನೇ.

“ಉಘೇ ಮಾದಪ್ಪ!” ಎಂದಿತು ಮೇಳ.

ಚೆನ್ನಯ್ಯ ಬೀಸಿದ. ತಟ್ಟೆ ಗಾಳಿ ಸೀಳಿ ಹೋಗಿ ಬಟ್ಟಲಿಗೆ ಬಡಿದು ಝಣ್ ಎಂದಿತು. ಇಷ್ಟು ಹಗುರಾಗಿ ಕೈ ಯಾವತ್ತೂ ಬೀಸಿರಲಿಲ್ಲ. ಕೂತು ಬೀಸಿದ, ಬೆನ್ನ ಮೇಲೆ ಮಲಗಿ ಬೀಸಿದ, ಒಂಟಿಕಾಲಿನಲ್ಲಿ ಬುಗುರಿಯ ಹಾಗೆ ತಿರುಗಿದ. ಜನ ಹುಚ್ಚೆದ್ದು ಕೂಗಿದರು. ಅವನಿಗೆ ಖುಷಿಯಾಗಲಿಲ್ಲ. ಕೈ ತನ್ನದಲ್ಲವೆಂದು ಅವನಿಗೆ ಆಗಲೇ ತಿಳಿದಿತ್ತು. ಎಲ್ಲಿ ಬೀಸಬೇಕೆಂದು ಅವನು ಯೋಚಿಸುವ ಮೊದಲೇ ಅದು ಬೀಸಿ ಆಗಿರುತ್ತಿತ್ತು.

ಹಾಡು ಮುಗಿಯಿತು. ಮೇಳ ನಿಂತಿತು. ಚೆನ್ನಯ್ಯ ನಿಲ್ಲಲಿಲ್ಲ.

ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಇದೂ ಕುಣಿತವೇ ಎಂದುಕೊಂಡರು. ಅವನು ಬೆರಳು ಬಿಡಿಸಲು ನೋಡಿದ. ಕುಣಿಕೆ ಬಿಗಿಯಿತು. ಹುರಿ ಬಿಸಿಯಾಯಿತು. ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು, ನಲವತ್ತು ತಲೆಗಳ ವಾಸನೆ. ಕಿವಿಯ ಪಕ್ಕದಲ್ಲೇ ಹೆಂಗಸರ ಪಿಸುದನಿ. ಜಾರಬೇಡ. ನಿಲ್ಲಬೇಡ. ಗೆಲ್ಲು. ಜಾರಬೇಡ. ನಿಲ್ಲಬೇಡ. ಮುಂಗೈಯ ಚರ್ಮ ಕಿತ್ತುಬಂತು. ರಕ್ತ ಮೊಣಕೈಗೆ ಇಳಿಯಿತು. ಸುತ್ತು. ಮತ್ತೊಂದು ಸುತ್ತು. ಆಕಾಶ, ಜನ, ಶಾಮಿಯಾನ, ಆಕಾಶ. ಹಾಡು ನಿಂತರೂ ತಾಳ ನಿಲ್ಲದು. ಝಣ್. ಝಣ್. ರಕ್ತ ಹನಿಹನಿಯಾಗಿ ಮುಂದಿನ ಸಾಲಿನ ಸೀರೆಗಳ ಮೇಲೆ ಸಿಡಿಯಿತು.

ಆಗ ಚಪ್ಪಾಳೆ ನಿಂತಿತು.

“ಸಾಕು ಅನ್ರೇ!” ಮಾದೇವಮ್ಮ ಸಾಲಿನ ಮುಂದೆ ಓಡಾಡುತ್ತ ಕಿರುಚಿದಳು. “ಕೂದ್ಲು ಕೊಟ್ಟೋರೆಲ್ಲ ಬಾಯಿ ಬುಡ್ರೇ, ಪಾಪಿಗಳಾ! ನಿಮ್ ಆಸೆ ಮಗೀನ ತಿಂತಾದೆ. ಸಾಕು ಅನ್ರೇ!”

ಮೊದಲು ಒಬ್ಬಳು ಅಂದಳು. ಆಮೇಲೆ ಇನ್ನೊಬ್ಬಳು. ಸಾಕು. ಸಾಕು ಕಣಪ್ಪ. ಪ್ರತಿ ಮಾತಿಗೂ ಹುರಿಯೊಳಗಿನ ಒಂದೊಂದು ದನಿ ಆರಿತು. ಕೆಲವರು ಅಳುತ್ತ ಅಂದರು. ಕೆಲವರು ಪಕ್ಕದವರ ಮುಖ ನೋಡಿ ಅಂದರು, ದಿಲ್ಲಿ ತಪ್ಪಿತೆಂಬ ಸಂಕಟ ಆಗಲೂ ಅವರ ಕಣ್ಣಲ್ಲಿತ್ತು. ಬೆರಳು ಸಡಿಲವಾದವು. ಆದರೆ ತೋಳು ತಿರುಗುತ್ತಲೇ ಇತ್ತು. ಒಂದು ದನಿ ಉಳಿದಿತ್ತು. ಅದು ಗಂಡು ದನಿ.

ಅವನು ತಿರುಗುತ್ತಲೇ ಮಾವನ ಹತ್ತಿರ ಹೋದ. ಚಿಕ್ಕಸಿದ್ದಯ್ಯ ಸಾಹೇಬರ ಕುರ್ಚಿಯ ಕಡೆ ನೋಡುತ್ತಿದ್ದ. ಸಾಹೇಬರು ಇನ್ನೂ ಕಾಗದದ ಮೇಲೆ ಏನೋ ಬರೆಯುತ್ತಿದ್ದರು.

“ಮಾವ. ಅನ್ನು. ಮಾವ!”

“ಬರೀತಾವ್ರೆ ಕಣ್ಲಾ,” ಎಂದ ಚಿಕ್ಕಸಿದ್ದಯ್ಯ. ಕಣ್ಣು ಹೊಳೆಯುತ್ತಿತ್ತು. “ಇನ್ನೊಂದ್ ಸುತ್ತು. ಒಂದೇ ಒಂದು.”

ಚೆನ್ನಯ್ಯ ಆಮೇಲೆ ಮಾವನನ್ನು ಕೇಳಲಿಲ್ಲ. ಬಯಲಿನ ನಡುವೆ ಬಾವುಟದ ಕಬ್ಬಿಣದ ಕಂಬವಿತ್ತು. ಕಾಲು ಇನ್ನೂ ಅವನ ಮಾತು ಕೇಳುತ್ತಿತ್ತು. ಓಡಿದ. ಬಟ್ಟಲು ಬಿಸುಟು, ಎಡತೋಳಿನಿಂದ ಕಂಬವನ್ನು ಎದೆಗೆ ಅವುಚಿ ಕಣ್ಣು ಮುಚ್ಚಿದ. ಬೀಸಿದ ತೋಳು ಹೋಗಿ ಕಬ್ಬಿಣಕ್ಕೆ ಬಡಿಯಿತು. ಕಟಕ್. ಮತ್ತೆ ಬೀಸಿತು. ಕಟಕ್. ಹುರಿ ಕಂಬಕ್ಕೆ ಸುತ್ತಿತು. ಮೂರನೇ ಸಲ ಅದು ಹರಿಯಿತು, ತಟ್ಟೆ ದೂರ ಹೋಗಿ ಬಿತ್ತು. ಅವನು ಕುಸಿದ. ಯಾರೋ ಲೊಕ್ಕನಹಳ್ಳಿ ಮೇಳ ಗೆದ್ದಿತೆಂದು ಕೂಗಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಮುಂಗೈಗೆ ಪಟ್ಟಿ ಸುತ್ತಿ, ಹಲಗೆ ಕಟ್ಟಿ, ಅಲುಗಾಡಿಸಬೇಡ ಎಂದರು. ಮೂಳೆ ಎರಡು ಕಡೆ ಮುರಿದಿತ್ತು. ಹುರಿ ಹರಿದಿತ್ತು. ಆದರೂ ಪಟ್ಟಿಯೊಳಗೆ ಬೆರಳು ನಿಲ್ಲಲಿಲ್ಲ. ಮಡಿಸಿ, ಬಿಡಿಸಿ, ಮಡಿಸಿ, ಬಿಡಿಸಿ, ತಾಳಕ್ಕೆ ಸರಿಯಾಗಿ. ಕೂಡಿಸಿ ಕಟ್ಟಿದ ಮೂಳೆ ಮತ್ತೆ ಮತ್ತೆ ಸರಿಯಿತು. ಅವನು ಟವೆಲು ಕಚ್ಚಿ ಚೀರುತ್ತಿದ್ದ. ಎರಡು ದಿನ ಡಾಕ್ಟರು ಕೊಟ್ಟ ಸೂಜಿಮದ್ದಿಗೆ ಮನುಷ್ಯ ಮಲಗಿದ, ಕೈ ಮಲಗಲಿಲ್ಲ. ಮೂರನೇ ದಿನ ಗಾಯ ಕಪ್ಪಿಟ್ಟು ನಾರತೊಡಗಿತು.

ಮಾದೇವಮ್ಮ ಊರಿಗೆ ಹೋಗಿ ಗಂಡನನ್ನು ಎಳೆದುತಂದಳು. ಅವನು ಹೊಸ ಪಂಚೆ ಉಟ್ಟಿದ್ದ. ಮಂಚದ ಬದಿ ನಿಂತು ಪಟ್ಟಿಯೊಳಗಿನ ಬೆರಳುಗಳನ್ನೇ ನೋಡಿದ. ಅವನ ತುಟಿ ತಾಳ ಎಣಿಸುತ್ತಿತ್ತು.

“ಕಾಲಿಗ್ ಬೀಳ್ತೀನಿ ಕಣ, ಸಾಕು ಅನ್ನು,” ಎಂದಳು ಮಾದೇವಮ್ಮ.

“ಅಂತೀನಿ ಕಣಮ್ಮಿ, ನಂಗೇನು ಕರುಳು ಇಲ್ವಾ?” ಚಿಕ್ಕಸಿದ್ದಯ್ಯ ದನಿ ತಗ್ಗಿಸಿದ. “ಈಗ್ಲೇ ಅಂದ್ಬುಟ್ರೆ ಕೈಲಿರೋದೆಲ್ಲ ಒಂಟೋಯ್ತದೆ. ಈ ಕೈ ನೋಡೇ ಅವ್ರು ನಮ್ಮನ್ನ ಆರಿಸ್ದರು. ದಿಲ್ಲಿ ಒಂದು ಆಗೋಗ್ಲಿ. ಬಂದಿಳಿದ ದಿನ್ವೇ ಅಂತೀನಿ.”

ಅಷ್ಟರಲ್ಲಿ ಡಾಕ್ಟರು ಒಂದು ಕಾಗದ ಹಿಡಿದು ಬಂದರು. ವಿಷ ಮೇಲಕ್ಕೆ ಏರುತ್ತಿದೆ, ಮೊಣಕೈ ಕೆಳಗೆ ತೆಗೆಯದಿದ್ದರೆ ಹುಡುಗ ಉಳಿಯುವುದಿಲ್ಲ, ಯಾರಾದರೂ ರುಜು ಹಾಕಿ ಎಂದರು. ಚಿಕ್ಕಸಿದ್ದಯ್ಯ ಎರಡು ಹೆಜ್ಜೆ ಹಿಂದೆ ಸರಿದ.

“ಬ್ಯಾಡಿ ಸಾ. ಆ ಕೈ ಒಂದ್ ಬುಟ್ಟು ಬ್ಯಾರೆ ಏನಾರ ಮಾಡಿ ಸಾ.”

ಚೆನ್ನಯ್ಯ ಮೇಲೆದ್ದು ಕೂತ. ತಲೆ ಸುತ್ತುತ್ತಿತ್ತು, ಜ್ವರದಿಂದ ಮೈ ಕಾದ ಹೆಂಚಾಗಿತ್ತು. ಆದರೆ ಇಷ್ಟು ದಿನದ ಸಿಟ್ಟು ಈಗ ತಣ್ಣಗೆ ನೆಟ್ಟಗೆ ನಿಂತಿತ್ತು. ಎಡಗೈ ಚಾಚಿ ಡಾಕ್ಟರ ಕೈಯಿಂದ ಪೆನ್ನು ತೆಗೆದುಕೊಂಡ. ಆ ಕೈಯಲ್ಲಿ ಅವನು ಯಾವತ್ತೂ ಬರೆದವನಲ್ಲ. ಚೆ ಎಂಬ ಅಕ್ಷರ ಎರಡು ಸಲ ಕೆಟ್ಟಿತು. ಮೂರನೇ ಸಲ ಕೂತಿತು. ಬಿಡದೆ ಕೊನೆಯವರೆಗೂ ಬರೆದ.

ಕಾಗದ ವಾಪಸು ಕೊಟ್ಟು ಮಾವನ ಕಡೆ ತಿರುಗಿದ.

“ನೀನೂ ಇಲ್ಲೇ ಇರು ಮಾವ, ಓಗ್ಬ್ಯಾಡ,” ಎಂದ. “ಕೊಯ್ದು ನಿನ್ ಕೈಗೇ ಕೊಡ್ತರೆ. ದಿಲ್ಲಿಗೆ ಅದುನ್ನೇ ಕರ್ಕೊಂಡೋಗು.”