ಸೀಟಿನಡಿಯ ಪೆಟ್ಟಿಗೆ

ಗುರುವಾರ, ಆಗಸ್ಟ್ 8, 2019. ಬೆಳಿಗ್ಗೆ ಏಳೂ ನಲವತ್ತಕ್ಕೆ ಹಿಕರಿ ಫೋರ್ಡ್ ಶೆರಿಫ್ ಠಾಣೆಯ ಬಾಗಿಲು ತಳ್ಳಿಕೊಂಡು ಹಾಯ್ಟ್ ರಾಂಕಿನ್ ಬಂದ. ದನದ ಮೇವಿನ ಅಂಗಡಿಯ ಮಾಲೀಕ, ಚರ್ಚಿನ ಹಿರಿಯ. ಟೆನ್ನೆಸಿಯ ಆ ಮೂಲೆಯಲ್ಲಿ ಅವನದಕ್ಕಿಂತ ದೊಡ್ಡ ಗಂಟಲು ಇನ್ನೊಂದಿರಲಿಲ್ಲ. ಅಂದು ಮಾತ್ರ ದನಿ ತಗ್ಗಿತ್ತು.

"ನನ್ನ ಪಿಸ್ತೂಲು ಹೋಯ್ತು ಡಾಲ್ಟನ್."

ತನಿಖಾಧಿಕಾರಿ ಡಾಲ್ಟನ್ ಪ್ರೂಯಿಟ್ ಕಾಫಿ ಲೋಟ ಕೆಳಗಿಟ್ಟ. "ಎಲ್ಲಿಂದ, ಮಿಸ್ಟರ್ ಹಾಯ್ಟ್?"

"ಪಿಕಪ್‌ನಿಂದ. ನಿನ್ನೆ ಚರ್ಚಿನ ಊಟಕ್ಕೆ ಬಂದಾಗ ಇತ್ತು. ಬೆಳಿಗ್ಗೆ ಕೈ ಹಾಕಿದ್ರೆ ಇಲ್ಲ."

"ಎಲ್ಲಿಟ್ಟಿದ್ರಿ?"

"ಮಾಮೂಲಿ ಜಾಗ. ಸೀಟಿನ ಪಕ್ಕದ ಸಂದಿ."

"ಬಾಗಿಲಿಗೆ ಲಾಕ್ ಹಾಕಿದ್ರಾ?"

ಕೇಳಬಾರದ್ದು ಕೇಳಿದಂತೆ ಹಾಯ್ಟ್ ಅವನನ್ನು ನೋಡಿದ. "ಚರ್ಚಿನ ಅಂಗಳದಲ್ಲಾ? ಪಕ್ಕದಲ್ಲಿ ಗಾಡಿ ನಿಲ್ಲಿಸಿದೋನು ಏನಂದ್ಕೋತಾನೆ?"

"ಪಿಸ್ತೂಲಿನ ನಂಬರು?"

"ಹೆಂಡ್ತಿ ಹುಟ್ಟಿದ ತಾರೀಖೇ ನೆನಪಿರಲ್ಲ ಕಣೋ ನಂಗೆ."

"ಗುಂಡು ತುಂಬಿತ್ತಾ?"

"ತುಂಬದೆ ಇಟ್ಕೊಂಡು ಏನ್ಮಾಡ್ಲಿ, ಮೊಳೆ ಹೊಡೀಲಾ?"

ದೂರು ದಾಖಲಾಯಿತು. ಪ್ರೂಯಿಟ್ ನಗಲಿಲ್ಲ. ಗುಂಡು ತುಂಬಿದ ಪಿಸ್ತೂಲೊಂದು ಯಾರದೋ ಕೈಯಲ್ಲಿ ಊರಿನಲ್ಲಿ ತಿರುಗುತ್ತಿದೆ. ಹಾಗೆ ತಿರುಗಿದ ಇನ್ನೊಂದು ಪಿಸ್ತೂಲು ಎಲ್ಲಿಗೆ ಹೋಗಿ ಮುಟ್ಟಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದೆ ಹೆದ್ದಾರಿಯ ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಲೇನಿ ಹ್ಯಾಚ್ ಗುಂಡೇಟಿಗೆ ಸತ್ತಳು. ಕೊಂದವನು ಸಿಕ್ಕಿದ, ಜೈಲಿಗೂ ಹೋದ. ಅವನ ಕೈಗೆ ಪಿಸ್ತೂಲು ಬಂದದ್ದು ಇದೇ ಚರ್ಚಿನ ಅಂಗಳದಲ್ಲಿ ಲಾಕ್ ಹಾಕದೆ ನಿಂತಿದ್ದ ಪಿಕಪ್ಪಿನಿಂದ. ದಿನಾ ಬೆಳಿಗ್ಗೆ ಲೇನಿಯ ಕೈಯಿಂದ ಕಾಫಿ ತೆಗೆದುಕೊಂಡೇ ಪ್ರೂಯಿಟ್ ಠಾಣೆಗೆ ಬರುತ್ತಿದ್ದ. ಠಾಣೆಯಲ್ಲಿ ಪುಕ್ಕಟೆ ಕಾಫಿ ಇದ್ದರೂ ಹೆದ್ದಾರಿಯವರೆಗೆ ಯಾಕೆ ಸುತ್ತಿ ಬರುತ್ತೀಯೆಂದು ಅವಳು ಒಮ್ಮೆ ಕೇಳಿದ್ದಳು. ನಿಮ್ಮ ಕಾಫಿ ಚೆನ್ನಾಗಿರುತ್ತೆ ಎಂದಿದ್ದ. ಹೇಳಬೇಕಾದದ್ದನ್ನು ನಾಳೆಗೆಂದು ಮುಂದೂಡಿದ್ದ. ಅವಳು ಹೋದ ಮೇಲೆ ಆ ಬಂಕಿಗೆ ಅವನು ಕಾಲಿಟ್ಟಿಲ್ಲ.

ಎಂಟೂವರೆಗೆ ಸಹಾಯಕಿ ಮೇಬ್ರಿಯೊಂದಿಗೆ ಹಾಯ್ಟ್‌ನ ಪಿಕಪ್ಪನ್ನು ತಪಾಸಣೆ ಮಾಡಿದ. ಗಾಜು ಒಡೆದಿರಲಿಲ್ಲ. ಬಾಗಿಲಿನಲ್ಲಿ ಒಂದು ಗೀರೂ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಚಿಲ್ಲರೆ ಕಾಸು, ಒಳ್ಳೆಯ ಕಪ್ಪು ಕನ್ನಡಕ, ಎಲ್ಲವೂ ಇದ್ದಲ್ಲೇ ಇದ್ದವು.

"ವಿಚಿತ್ರ ಕಳ್ಳ ಸರ್," ಎಂದಳು ಮೇಬ್ರಿ. "ಕನ್ನಡಕಾನೂ ಮುಟ್ಟಿಲ್ಲ."

ಸೀಟಿನಡಿ ಒಂದು ಉಕ್ಕಿನ ಪೆಟ್ಟಿಗೆಯಿತ್ತು. ಅದರ ದಪ್ಪ ತಂತಿ ಸೀಟಿನ ಕಂಬಿಗೆ ಸುತ್ತಿತ್ತು. ಗಾಡಿಯಲ್ಲಿ ಪಿಸ್ತೂಲು ಇಡಲೆಂದೇ ಮಾಡಿದ ಪೆಟ್ಟಿಗೆ. ಬೀಗ ಹಾಕಿದರೆ ತಂತಿ ಕತ್ತರಿಸದೆ ಯಾರಿಂದಲೂ ಒಯ್ಯಲಾಗದು. ಮುಚ್ಚಳ ತೆಗೆದರೆ ಒಳಗೆ ಹೊಗೆಸೊಪ್ಪಿನ ಡಬ್ಬಿ, ಮೀನಿನ ಗಾಳ.

"ಇದರಲ್ಲಿ ಯಾಕೆ ಇಡ್ಲಿಲ್ಲ, ಮಿಸ್ಟರ್ ಹಾಯ್ಟ್?"

"ಈಸ್ಟರ್ ಹೊತ್ನಲ್ಲಿ ಮಿಸ್ ವಿಲೋ ಚರ್ಚಲ್ಲಿ ಎಲ್ಲರಿಗೂ ಹಂಚಿದ್ಲಲ್ಲ. ಪಾಪ, ಬೇಡ ಅನ್ನೋದು ಹೇಗೆ? ಆದ್ರೆ ಕೀಲಿ ಹುಡುಕಿ ಪಿಸ್ತೂಲು ತೆಗೆಯೋ ಹೊತ್ಗೆ ನಾನು ಸತ್ತು ತಣ್ಣಗಾಗಿರ್ತೀನಿ."

ಮಿಸ್ ವಿಲೋ ಅಂದರೆ ವಿಲೊಡೀನ್ ಹ್ಯಾಚ್. ಲೇನಿಯ ತಾಯಿ. ಪ್ರೂಯಿಟ್ ಮುಚ್ಚಳ ಮುಚ್ಚಿದ. ಸೀಟಿನ ಮೇಲೆ ಕಾಗದದ ಚೀಲವೊಂದಿತ್ತು. ಅದರಲ್ಲಿ ಎಳೆ ಹಳದಿ ಕುಂಬಳಕಾಯಿಗಳು. ಆಗಸ್ಟ್‌ನಲ್ಲಿ ಹಿಕರಿ ಫೋರ್ಡ್‌ನ ಹಿತ್ತಿಲುಗಳಲ್ಲಿ ಕುಂಬಳ ಸೊಕ್ಕಿ ಬೆಳೆಯುತ್ತದೆ. ತಿಂದು ಮುಗಿಸಲಾರದವರು ಚರ್ಚಿಗೆ ತಂದು ಸಿಕ್ಕಸಿಕ್ಕವರ ಗಾಡಿಯಲ್ಲಿಟ್ಟು ಹೋಗುತ್ತಾರೆ. ಯಾರು ಇಟ್ಟರೆಂದು ಯಾರೂ ಕೇಳುವುದಿಲ್ಲ. ಹೋದ ವಾರದ ಬುಧವಾರ ಪ್ರೂಯಿಟ್‌ನ ಪಿಕಪ್ಪಿನಲ್ಲೂ ಒಂದು ಚೀಲ ಸಿಕ್ಕಿತ್ತು. ಅವನಮ್ಮ ಅದನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು ಬಡಿಸಿದ್ದಳು.

ಹತ್ತು ಗಂಟೆಗೆ ಚರ್ಚು. ಪಾದ್ರಿ ಕಂಗಾಲಾಗಿದ್ದರು. ಪ್ರಾರ್ಥನೆಯ ಮನೆಯೊಳಗೆ ಪಿಸ್ತೂಲು ತರಬೇಡಿರೆಂದು ಬಾಗಿಲಿಗೆ ಬೋರ್ಡು ಹಾಕಿಸಿದವರು ಅವರೇ. ಊರಿನ ಗಂಡಸರು ಬೋರ್ಡಿಗೆ ಮರ್ಯಾದೆ ಕೊಟ್ಟರು. ಸೊಂಟದಿಂದ ತೆಗೆದು ಗಾಡಿಯಲ್ಲಿಟ್ಟರು. ನೆರೆಯವರಿಗೆ ಅವಮಾನವಾಗಬಾರದೆಂದು ಬಾಗಿಲಿಗೆ ಲಾಕ್ ಹಾಕಲಿಲ್ಲ. ಹೀಗೆ ಪ್ರತಿ ಬುಧವಾರ ಸಂಜೆ, ಒಳಗೆ ಜೋಳದ ರೊಟ್ಟಿ, ಬೀನ್ಸು, ಸಿಹಿ ಟೀ ನಡೆಯುತ್ತಿದ್ದರೆ ಹೊರಗೆ ಅಂಗಳದ ತುಂಬ ಗುಂಡು ತುಂಬಿದ ಪಿಸ್ತೂಲುಗಳು ದೇವರ ಭರವಸೆಯ ಮೇಲೆ ಬಿದ್ದಿರುತ್ತಿದ್ದವು.

ಅಂಗಳದ ಮರದ ಕೆಳಗೆ ಕೂತು ಬುಧವಾರವಿಡೀ ಐಸ್‌ಕ್ರೀಮ್ ಯಂತ್ರ ತಿರುಗಿಸುವವನು ಮುದುಕ ಅರ್ಲಿಸ್. ಅವನ ಕಣ್ಣು ತಪ್ಪಿಸಿ ಒಂದು ನಾಯಿಯೂ ಆ ಅಂಗಳ ದಾಟುವಂತಿಲ್ಲ.

"ನಿನ್ನೆ ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಇಲ್ಲ."

"ಗಾಡಿಗಳ ಬಾಗಿಲು ಯಾರಾದ್ರೂ ತೆಗೆದ್ರಾ?"

"ನಾನೇನು ಕುರುಡನಾ? ಯಾರೂ ತೆಗೀಲಿಲ್ಲ."

"ಹಂಗಾದ್ರೆ ಹಾಯ್ಟ್ ಗಾಡಿಯೊಳಗೆ ಕುಂಬಳಕಾಯಿ ಹೇಗೆ ಬಂತು?"

ಅರ್ಲಿಸ್ ನಕ್ಕ. "ಅಯ್ಯೋ, ಅದು ಮಿಸ್ ವಿಲೋ ಇಟ್ಟಿದ್ದು. ಅದನ್ನೂ ಲೆಕ್ಕಕ್ಕೆ ಹಿಡೀತೀಯೇನೋ..." ಎಂದವನು ಮಾತು ನಿಲ್ಲಿಸಿದ. ಅವನ ನಗು ಇಳಿಯುವುದನ್ನು ಪ್ರೂಯಿಟ್ ನೋಡುತ್ತ ನಿಂತ.

ಆಮೇಲೆ ಪ್ರೂಯಿಟ್ ಮಾಡಬೇಕಾದ್ದನ್ನೆಲ್ಲ ಮಾಡಿದ. ಗಿರವಿ ಅಂಗಡಿಗಳಿಗೆ ಫೋನ್ ಮಾಡಿಸಿದ. ಪಕ್ಕದ ಕೌಂಟಿಯ ಪೊಲೀಸರನ್ನು ವಿಚಾರಿಸಿದ. ಊಟಕ್ಕೆ ಬಂದಿದ್ದ ಪುಂಡ ಹುಡುಗರನ್ನು ಕೂರಿಸಿ ಕೇಳಿದ. ಬೇರೆ ಯಾರಾದರೂ ಆಗಿರಲಿ ಎಂದು ಅವನು ಇಷ್ಟು ಕಷ್ಟಪಟ್ಟು ಯಾವ ಕೇಸನ್ನೂ ತನಿಖೆ ಮಾಡಿರಲಿಲ್ಲ. ಬೇರೆ ಯಾರೂ ಆಗಲಿಲ್ಲ.

"ನಾಲ್ಕು ಗಂಟೆಯಾಯ್ತು ಸರ್," ಎಂದಳು ಮೇಬ್ರಿ. "ಮಿಸ್ ವಿಲೋ ಮನೆಗೆ ನಾನೊಬ್ಬಳೇ ಹೋಗ್ಲಾ?"

"ಬೇಡ. ನಾನೂ ಬರ್ತೀನಿ."

ಮಿಸ್ ವಿಲೋ ಹಿತ್ತಿಲಲ್ಲಿದ್ದರು. ಕೈತುಂಬ ಮಣ್ಣು. ಇಬ್ಬರನ್ನೂ ನೋಡಿ ಅವರು ಬೆಚ್ಚಲಿಲ್ಲ. ಕೈ ತೊಳೆದು ಬಂದು ಜಗಲಿಯ ಕುರ್ಚಿ ತೋರಿಸಿದರು. ಮಾತಾಡಲೇಬೇಕೆಂದಿಲ್ಲ, ವಕೀಲರನ್ನು ಕರೆಸಿಕೊಳ್ಳಬಹುದು ಎಂದು ಪ್ರೂಯಿಟ್ ಹೇಳಿದ.

"ವಕೀಲ ಯಾಕೆ ಮಗ? ಎಷ್ಟು ದಿನ ಬೇಕಾಯ್ತು ನಿಂಗೆ ಬರೋಕೆ."

"ಹಾಯ್ಟ್ ಪಿಸ್ತೂಲು ನಿಮ್ಮ ಹತ್ರ ಇದೆಯಾ, ಮಿಸ್ ವಿಲೋ?"

"ಇದೆ."

"ಮನೆ ನೋಡ್ಬಹುದಾ?"

"ಅವಳ ಕೋಣೇಲಿ. ಬೂಟು ಬಿಚ್ಚಿಟ್ಟು ಬಾ. ನಿನ್ನೆ ತಾನೆ ನೆಲ ಒರೆಸಿದ್ದೀನಿ."

ಇಬ್ಬರೂ ಬೂಟು ಕಳಚಿ ಒಳಗೆ ಹೋದರು. ಲೇನಿಯ ಕೋಣೆಗೆ ಪ್ರೂಯಿಟ್ ಹಿಂದೆಂದೂ ಬಂದಿರಲಿಲ್ಲ. ಬರುವ ದಿನವೊಂದನ್ನು ಮಾತ್ರ ಎಷ್ಟೋ ಸಲ ಯೋಚಿಸಿದ್ದ. ಬಾಗಿಲ ಹಿಂದೆ ಚರ್ಚಿನ ಗಾಯನದ ನೀಲಿ ನಿಲುವಂಗಿ ಇಸ್ತ್ರಿಯಾಗಿ ತೂಗುತ್ತಿತ್ತು. ಕಿಟಕಿಯಲ್ಲಿ ಬಂಕಿನ ಹೆಸರಿನ ಕಾಫಿ ಲೋಟ. ಮಂಚದ ಕೆಳಗೆ ಉಕ್ಕಿನ ಪೆಟ್ಟಿಗೆಗಳ ಸಾಲು, ಒಂದೊಂದರ ತಂತಿಯೂ ಮಂಚದ ಕಾಲಿಗೆ ಬಿಗಿದಿತ್ತು. ಕತ್ತಿನ ದಾರದಲ್ಲಿ ಪೋಣಿಸಿದ್ದ ಕೀಲಿಗಳನ್ನು ಬಿಚ್ಚಿ ಮಿಸ್ ವಿಲೋ ಮೇಬ್ರಿಯ ಕೈಗಿಟ್ಟರು.

ಎದೆಯ ಮೇಲಿನ ಕ್ಯಾಮೆರಾ ಹಚ್ಚಿ ಮೇಬ್ರಿ ಮಹಜರು ಶುರುಮಾಡಿದಳು. ಮೊದಲ ಪೆಟ್ಟಿಗೆಯಲ್ಲಿ ಹಾಯ್ಟ್‌ನ ಪಿಸ್ತೂಲು. ಗುಂಡು ಬೇರೆ, ಪಿಸ್ತೂಲು ಬೇರೆ, ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಎರಡನೆಯದರಲ್ಲೂ ಪಿಸ್ತೂಲು. ಮೂರನೆಯದರಲ್ಲೂ. ಅವಳು ತಲೆಯೆತ್ತಿದಳು.

"ಸರ್, ಐದಿವೆ. ನಮಗೆ ಬಂದಿರೋ ದೂರು ಒಂದೇ."

"ಉಳಿದವರು ಇನ್ನೂ ನೋಡ್ಕೊಂಡಿಲ್ಲ," ಎಂದರು ಮಿಸ್ ವಿಲೋ. "ಒಂದು ಜೂನ್‌ನಿಂದ ಇಲ್ಲೇ ಇದೆ. ಯಾರೂ ಹುಡುಕ್ಕೊಂಡು ಬರ್ಲಿಲ್ಲ."

ಕೊನೆಯ ಪೆಟ್ಟಿಗೆ ತೆರೆದಾಗ ಪ್ರೂಯಿಟ್ ಮಂಡಿಯೂರಿ ಹತ್ತಿರದಿಂದ ನೋಡಿದ. ಮರದ ಹಿಡಿಯ ಪುಟ್ಟ ರಿವಾಲ್ವರು. ಹಿಡಿಯ ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಅವನಪ್ಪ ಕೊಟ್ಟದ್ದು. ಸರ್ಕಾರಿ ಪಿಸ್ತೂಲು ಸೊಂಟದಲ್ಲಿರುವುದರಿಂದ ಇದು ಅವನ ಸ್ವಂತ ಪಿಕಪ್ಪಿನ ಸೀಟಿನಡಿ ಇರುತ್ತಿತ್ತು. ಇರುತ್ತದೆಂದೇ ಈ ಹೊತ್ತಿನವರೆಗೂ ಅಂದುಕೊಂಡಿದ್ದ.

ಲೇನಿಯ ಹೆಣವನ್ನು ಮೊದಲು ನೋಡಿದ ಪೊಲೀಸಿನವನು ಅವನೇ. ಅವಳಿಗಾಗಿ ದಿನಾ ಒಳಗೊಳಗೇ ಅಳುತ್ತಿದ್ದವನೂ ಅವನೇ. ಅವಳನ್ನು ಕೊಂದಂಥದೇ ವಸ್ತುವನ್ನು ಅದೇ ಅಂಗಳದಲ್ಲಿ ಲಾಕ್ ಹಾಕದೆ ಬಿಟ್ಟು ಹೋಗಿ, ಊಟ ಮಾಡಿ, ಕುಂಬಳಕಾಯಿ ಮನೆಗೆ ಒಯ್ದವನೂ ಅವನೇ.

"ನಿನ್ನ ಗಾಡೀಲೂ ಸಿಕ್ತು ಡಾಲ್ಟನ್," ಎಂದರು ಮಿಸ್ ವಿಲೋ. "ನೀನಾದ್ರೂ ಪೆಟ್ಟಿಗೇಲಿ ಇಟ್ಟಿರ್ತೀಯ ಅಂದ್ಕೊಂಡಿದ್ದೆ."

ಪ್ರೂಯಿಟ್ ರಿವಾಲ್ವರನ್ನು ಮುಟ್ಟದೆ ಪೆಟ್ಟಿಗೆಯನ್ನು ಮೇಬ್ರಿಯ ಕಡೆ ಸರಿಸಿದ.

"ಅವಳಿಗೆ ಗೊತ್ತಿತ್ತು ಕಣೋ. ಕಾಫಿಗೋಸ್ಕರ ಯಾರು ಅಷ್ಟು ದೂರ ಬರ್ತಾರೆ ಅಂತ ನಗ್ತಿದ್ಲು. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾಯ್ತಿದ್ಲು."

ಮೇಬ್ರಿ ಕಿಟಕಿಯ ಕಡೆ ತಿರುಗಿದಳು.

"ಯಾಕೆ ತಗೊಂಡ್ರಿ, ಮಿಸ್ ವಿಲೋ?" ಪ್ರೂಯಿಟ್ ಕೇಳಿದ. ಗೊತ್ತಿದ್ದೂ ಕೇಳಬೇಕಾಗಿತ್ತು. ಕೆಲಸವೇ ಅಂಥದ್ದು.

"ಅವಳನ್ನ ಮಣ್ಣು ಮಾಡಿದ ದಿನ ಊರೆಲ್ಲ ಬಂದ್ರು. ಅಡುಗೆ ತಂದ್ರು, ಅತ್ರು. ಮುಂದಿನ ಬುಧವಾರ ಮತ್ತೆ ಪಿಸ್ತೂಲು ಹಂಗೇ ಗಾಡೀಲಿ ಬಿಟ್ಟು ಊಟಕ್ಕೆ ಬಂದ್ರು. ಪೆಟ್ಟಿಗೆ ಕೊಟ್ಟೆ. ಹೊಗೆಸೊಪ್ಪು ತುಂಬಿದ್ರು. ಪಿಸ್ತೂಲು ಹೋದ ಮೇಲಾದ್ರೂ ಹುಡುಕ್ಲಿ, ಒಂದು ಕ್ಷಣ ನನ್ನ ಹಾಗೆ ಎದೆ ಹಾರ್ಲಿ ಅಂತ ತಗೊಂಡೆ. ಒಬ್ಬನಾದ್ರೂ ಬಂದು ಪೆಟ್ಟಿಗೆ ಹೇಗೆ ಕಟ್ಟೋದು ತೋರಿಸಿ ಅಂತ ಕೇಳಿದ್ರೆ ಎಲ್ಲಾ ವಾಪಸ್ ಕೊಡ್ತಿದ್ದೆ. ಯಾರೂ ಕೇಳ್ಲಿಲ್ಲ."

ಪ್ರೂಯಿಟ್ ಎದ್ದ. "ಈ ಕೇಸು ನಾನು ನಡೆಸೋ ಹಾಗಿಲ್ಲ ಮೇಬ್ರಿ. ನಾನೂ ಫಿರ್ಯಾದಿ. ಹಾಗಂತಲೇ ಬರಿ."

ಸಂಜೆ ಐದೂ ಹತ್ತಕ್ಕೆ ಮೇಬ್ರಿ ಮಿಸ್ ವಿಲೋ ಅವರನ್ನು ಬಂಧಿಸಿದಳು. ಕೈಕೋಳ ತೊಡಿಸಲಿಲ್ಲ. ಗನ್ನು ಕದಿಯುವುದು ಅಪರಾಧ. ಹಾಯ್ಟ್ ಮಾಡಿದ್ದಕ್ಕೆ, ಪ್ರೂಯಿಟ್ ಮಾಡಿದ್ದಕ್ಕೆ, ಮಹಜರಿನಲ್ಲಿ ಬರೆಯಲು ಒಂದು ಕಲಮೂ ಅವಳಿಗೆ ತಿಳಿಯಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತ ಮಿಸ್ ವಿಲೋ ಬಳಿ ಪ್ರೂಯಿಟ್ ಬಗ್ಗಿದ.

"ಮಿಸ್ ವಿಲೋ, ಪೆಟ್ಟಿಗೆ ಹೇಗೆ ಕಟ್ಟೋದು, ನಂಗೆ ತೋರಿಸ್ತೀರಾ?"

ಅವರು ಅವನ ಮುಖ ನೋಡಿದರು. ಆಮೇಲೆ ಕಿಟಕಿಯಿಂದ ಕೈ ಹೊರಚಾಚಿ, ಗಾಳಿಯಲ್ಲೇ ತಂತಿ ಹಿಡಿದವರಂತೆ ಬೆರಳು ಸುತ್ತಿದರು. "ಕಂಬಿ ಸುತ್ತ ಎರಡು ಸುತ್ತು. ಆಮೇಲೆ ಕುಣಿಕೆ ಪೆಟ್ಟಿಗೆಯೊಳಗೆ. ಬೀಗ ಹಾಕಿದ್ಮೇಲೆ ಒಂದ್ಸಲ ಎಳೆದು ನೋಡು. ನೋಡದೆ ಹೋಗ್ಬೇಡ."

ಶುಕ್ರವಾರ ಬೆಳಿಗ್ಗೆ ಪ್ರೂಯಿಟ್ ಹೆದ್ದಾರಿಯ ಬಂಕಿನ ಮುಂದೆ ಪಿಕಪ್ ನಿಲ್ಲಿಸಿದ. ಸೀಟಿನಡಿ ಮಿಸ್ ವಿಲೋ ಈಸ್ಟರ್‌ನಲ್ಲಿ ಕೊಟ್ಟಿದ್ದ ಪೆಟ್ಟಿಗೆಯನ್ನು ಕಟ್ಟಿದ್ದ. ರಿವಾಲ್ವರು ಇನ್ನೂ ಜಪ್ತಿಯಲ್ಲಿದ್ದುದರಿಂದ ಅದು ಖಾಲಿ. ಆದರೂ ಬೀಗ ಹಾಕಿ ಎಳೆದು ನೋಡಿದ. ಇಳಿದು ಬಾಗಿಲಿಗೆ ಲಾಕ್ ಹಾಕಿ, ಹಿಡಿಯನ್ನೂ ಎಳೆದು ನೋಡಿದ. ಒಳಗೆ ಹೋಗಿ ಒಂದು ಕಾಫಿ ಕೇಳಿದ. ಗಲ್ಲಾದಲ್ಲಿದ್ದ ಹೊಸ ಹುಡುಗಿ ಸಕ್ಕರೆ ಎಷ್ಟು ಎಂದಳು. ಲೇನಿ ಹೋದ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.