ನೀಲಿ ತ್ರಿಕೋನಕ್ಕೆ ಒಂಬತ್ತು ಹನಿ

ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಹತ್ತು ಗಂಟೆಗೆ ಗೋಬಿ ಮರುಭೂಮಿಯ ಊರು ದಲನ್‌ಜದ್ಗದ್‌ನ ಪೊಲೀಸ್ ಠಾಣೆಗೆ ದೂರು ಬಂತು. ದೂರು ತಂದವಳು ಊರಿನ ಚಿತ್ರಶಾಲೆಯ ಹೊಸ ಮೇಲ್ವಿಚಾರಕಿ ಸೊಲೊಂಗೊ. ಮರುಭೂಮಿಯ ದೊಡ್ಡ ಚಿತ್ರದ ಮೇಲೆ ಯಾರೋ ಆಸಿಡ್ ಎರಚಿದ್ದಾರೆ, ಒಂದೇ ವಾರದಲ್ಲಿ ಇದು ಎರಡನೇ ಸಲ.

"ಇನ್ನೊಂದ್ಸಲ ಹೀಗಾದ್ರೆ ಚಿತ್ರ ಇಲ್ಲಿರಲ್ಲ ಸಾರ್. ರಾಜಧಾನಿಯಿಂದ ಲಾರಿ ಬಂದು ತಗೊಂಡು ಹೋಗುತ್ತೆ."

ಇನ್‌ಸ್ಪೆಕ್ಟರ್ ಲುವ್ಸಂದೋರ್ಜ್ ಎಫ್‌ಐಆರ್ ದಾಖಲಿಸಿ, ಪೇದೆ ಬ್ಯಾಂಬಾನನ್ನು ಕರೆದುಕೊಂಡು ಹೊರಟರು.

ಚಿತ್ರದಲ್ಲಿ ಒಂಟೆಯಿರಲಿಲ್ಲ, ಗುಡಾರವಿರಲಿಲ್ಲ. ಕೆಳಗೆ ಕೆಂಪು ಪಟ್ಟೆ, ನಡುವೆ ಹಳದಿ, ಮೇಲೊಂದು ನೀಲಿ ತ್ರಿಕೋನ. ಇದೇನು ಹರಿದ ಗುಡಾರದ ಚಿಂದಿಯೇ ಎಂದು ಊರಿನವರು ನಕ್ಕು ನಕ್ಕು ಸುಸ್ತಾಗಿದ್ದರು. ತ್ರಿಕೋನದ ಮೇಲೆ ಬಿಳಿ ಕಲೆಗಳಿದ್ದವು. ಮೂರು ಸಾಲು, ಸಾಲಿಗೆ ಮೂರು. ಕೆಳಗೆ ಚಿತ್ರಶಾಲೆಯ ಬೆಕ್ಕು ನೆಲ ನೆಕ್ಕುತ್ತಿತ್ತು.

ಆಸಿಡ್ ನೆಕ್ಕುವ ಬೆಕ್ಕನ್ನು ಇನ್‌ಸ್ಪೆಕ್ಟರ್ ಎಲ್ಲೂ ಕಂಡಿರಲಿಲ್ಲ. ಅವರು ಚೌಕಟ್ಟಿನ ಮೇಲಿದ್ದ ಒಂದು ಹನಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟುಕೊಂಡರು.

"ಸಾರ್, ಸಾಕ್ಷ್ಯ ನೆಕ್ಕಬೋದಾ?" ಎಂದ ಬ್ಯಾಂಬಾ.

"ಪಂಚನಾಮೆಲಿ 'ಪರೀಕ್ಷಿಸಲಾಯಿತು' ಅಂತ ಬರಿ. ಒಂಟೆ ಹಾಲು ಕಣೋ."

ಒಂಬತ್ತು ಗುಳಿಯ ಮರದ ಚಮಚದಿಂದ, ದೇವರೆಂದು ನಂಬಿದ ಬೆಟ್ಟಕ್ಕೆ ಹಾಲು ಎರಚುವುದನ್ನು ಇಬ್ಬರೂ ಮನೆಯಲ್ಲಿ ನೋಡಿಯೇ ಬೆಳೆದವರು. ಆದರೆ ಗೋಡೆಗೆ ಎರಚುವವರು ಯಾರು?

ಪೇಟೆಯಲ್ಲಿ ಒಂಟೆ ಹಾಲು ಮಾರುವವನು ಒಬ್ಬನೇ. ಅವನ ವಿಚಾರಣೆ ಬೇಗ ಮುಗಿಯಿತು.

"ಒಂದೇ ಒಂದು ಲೋಟ ತಗೊಳ್ಳೋರು ಯಾರಾದ್ರೂ ಇದಾರಾ?"

"ದುಲ್ಮಾ ಅಕ್ಕ. ಒಂದಿನ ನೀರು ಬೆರೆಸಿ ಕೊಟ್ಟಿದ್ದಕ್ಕೆ, 'ನಾನು ಕುಡಿದ್ರೆ ಸುಮ್ನಿರ್ತಿದ್ದೆ, ಇದು ದೊಡ್ಡೋರಿಗೆ' ಅಂತ ಮಾನ ಕಳೆದ್ಲು."

ಮರುದಿನ ಬೆಳಿಗ್ಗೆ ಚಿತ್ರಶಾಲೆ ತೆರೆಯುವ ಹೊತ್ತಿಗೆ ಬ್ಯಾಂಬಾ ಪರದೆಯ ಹಿಂದೆ ನಿಂತಿದ್ದ. ಅಗಲ ಮುಖದ, ಗಟ್ಟಿ ಗಂಟಲಿನ ಹೆಂಗಸೊಬ್ಬಳು ಕುಂಟುತ್ತ ಬಂದು, ನಿಲುವಂಗಿಯ ತೋಳಿನಿಂದ ಸೀಸೆಯನ್ನೂ ಮರದ ಚಮಚವನ್ನೂ ತೆಗೆದಳು. ಚಮಚ ಮೇಲೆದ್ದಾಗ ಬ್ಯಾಂಬಾ ಅವಳ ಕೈ ಹಿಡಿದ. ಒಂದು ಹನಿಯೂ ಬೀಳಲಿಲ್ಲ.

"ಚಮಚ ಕೊಡಮ್ಮ, ಜಪ್ತಿ."

"ನಮ್ಮಜ್ಜೀದು. ತೊಳೆದು ವಾಪಸ್ ಕೊಡು."

ಸೊಲೊಂಗೊಳಿಗೆ ರೇಗಿತ್ತು. "ಇದೇನು ನಿಮ್ಮ ಅಂಗಳವಾ?"

"ಮೂವತ್ತು ವರ್ಷ ಬಾಗಿಲು ತೆಗೆದ್ರೆ ಅವನ ಮುಖಾನೇ ನೋಡ್ತಿದ್ದೆ ಕಣೇ. ಮಂಡಿ ಹೋಯ್ತು, ಒಂಟೆ ಮಾರಿ ಮಗಳ ಮನೆಗೆ ಬಂದೆ. ಕಿಟಕೀಲಿ ಹಣಕಿದ್ರೆ ಚಿಮಣಿ! ಚಿಮಣಿಗೆ ಹಾಲು ಎರಚಲಾ? ಹೋದ ವಾರ ಗಾಳಿ ಅಂತ ಇಲ್ಲಿ ಒಳಗೆ ಬಂದ್ರೆ, ಗೋಡೆ ಮೇಲೆ ಅವನೇ ಕೂತಿದಾನೆ."

"ಅದು ಬೆಟ್ಟ ಅಲ್ಲಮ್ಮ. ತ್ರಿಕೋನ."

"ಬರೀ ತ್ರಿಕೋನಕ್ಕೆ ಅಷ್ಟು ಗತ್ತು ಬರುತ್ತಾ?"

ಸೊಲೊಂಗೊ ಚಿತ್ರದ ಕಡೆ ನೋಡಿದಳು.

ಅಷ್ಟರಲ್ಲಿ ಬಂದ ಇನ್‌ಸ್ಪೆಕ್ಟರ್ ಲಾರಿಯ ಮಾತು ತಿಳಿಸಿದರು. ದುಲ್ಮಾಳ ದನಿ ಮೊದಲ ಸಲ ಇಳಿಯಿತು. "ನನ್ನಿಂದ ಅವನನ್ನ ತಗೊಂಡೋಗ್ತಾರಾ? ಬೇಡಪ್ಪಾ. ಜೈಲಿಗೆ ಬೇಕಾದ್ರೆ ನಾನು ಹೋಗ್ತೀನಿ."

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. ಹೇಳಿಕೆ ಬರೆದುಕೊಳ್ಳಬೇಕಲ್ಲ. "ಯಾವ ಬೆಟ್ಟ? ಹೆಸರು?"

ಅವಳು ಕಣ್ಣು ಕೆಕ್ಕರಿಸಿದಳು. "ಅವನೆದುರೇ ಹೆಸರು ಹೇಳ್ತಾರಾ? ನಿಮ್ಮಮ್ಮ ಏನೂ ಕಲಿಸಿಲ್ವಾ?"

ಕಲಿಸಿದ್ದರು. ಇನ್‌ಸ್ಪೆಕ್ಟರ್ ಕೆಂಪಾಗಿ ಅವಳನ್ನು ಮೊಗಸಾಲೆಗೆ ಕರೆದೊಯ್ದರು. ಅಲ್ಲಿ ಅವಳು ಪಿಸುಗುಟ್ಟಿದ್ದನ್ನು ಬರೆದುಕೊಂಡು, ಬಂಧನ ದಾಖಲಿಸಿ, ಠಾಣೆಯ ಜಾಮೀನಿನ ಮೇಲೆ ಬಿಟ್ಟರು. ಪ್ರೇರಣೆ ಎಂಬಲ್ಲಿ ಬರೆದದ್ದು ಇಷ್ಟೇ: ಆರೋಪಿಗೆ ಬೆಟ್ಟದ ನೆನಪಾಗಿತ್ತು.

ಹಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಾಯಿತು. ಬಣ್ಣಕ್ಕೆ ಏನೂ ಆಗಿರಲಿಲ್ಲ. ಸೊಲೊಂಗೊ ಲಾರಿ ಬೇಡವೆಂದು ರಾಜಧಾನಿಗೆ ಫೋನ್ ಮಾಡಿದಳು, ಚಿತ್ರಕ್ಕೆ ಗಾಜು ಹಾಕಿಸಿದಳು, ಕೆಳಗೆ ಒಂದು ಬಟ್ಟಲನ್ನೂ ಇಡಿಸಿದಳು. ದಿನವೂ ಆ ಬಟ್ಟಲಿಗೆ ದುಲ್ಮಾಳ ಹಾಲು, ಬೆಕ್ಕಿಗೆ ಹಬ್ಬ.

ಚಮಚ ಹಿಂದಿರುಗಿಸಲು ಇನ್‌ಸ್ಪೆಕ್ಟರ್ ಬಂದ ದಿನ ಸೊಲೊಂಗೊ ಚಿತ್ರದ ಮುಂದೆ ನಿಂತಿದ್ದಳು. ಏನೋ ಕೇಳಲು ಬಾಯಿ ತೆರೆದವಳು ತಡೆದುಕೊಂಡಳು. ಅವರನ್ನು ಮೊಗಸಾಲೆಗೆ ಕರೆದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

"ಸಾರ್," ಎಂದಳು ಮೆಲ್ಲಗೆ, "ಅವನ ಹೆಸರೇನು?"